ಆರು ವರ್ಷದ ಲೆಕ್ಕ ಹಾಕಿದೆ, ಇಂಡೆಕ್ಸ್ ಫಂಡ್ ಮುಂದಿದೆ: ನಾನೇ ಆರಿಸಿದ ಶೇರುಗಳನ್ನು ಇಟ್ಟುಕೊಳ್ಳಲೋ, ಬಿಡಲೋ?

ಎರೆಹೊಲ, ಕಲಬುರಗಿ
ಏಪ್ರಿಲ್ 2, 2025

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಮೇಷ್ಟ್ರು, ವಯಸ್ಸು 43. ಪ್ರತಿ ಯುಗಾದಿಗೆ ನಮ್ಮ ಹೊಲದ ಲಾವಣಿ, ಅಂದರೆ ಗುತ್ತಿಗೆಯ ದುಡ್ಡು ಕೈಗೆ ಬರುತ್ತದೆ. ಅದೇ ದಿನ ನನ್ನ ಉಳಿತಾಯದ ಲೆಕ್ಕವನ್ನೂ ಡೈರಿಯಲ್ಲಿ ಬರೆದಿಡುವುದು ರೂಢಿ. ಈ ಸಲ ಮೊದಲ ಬಾರಿಗೆ ಎಕ್ಸ್‌ಐಆರ್‌ಆರ್ ಹಾಕಿ ನೋಡಿದೆ. ಅಂದರೆ ಯಾವ ತಾರೀಖಿಗೆ ಎಷ್ಟು ಹಾಕಿದೆ, ಎಷ್ಟು ಬಂತು ಅನ್ನುವುದನ್ನೆಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬಿತ್ತು ಅಂತ ತೆಗೆಯುವುದು. ಆ ಉತ್ತರ ನೋಡಿದ ಮೇಲೆ ಎರಡು ದಿನ ನೆಮ್ಮದಿ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

2019ರ ಏಪ್ರಿಲ್‌ನಿಂದ ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ, ಅಂದರೆ ನಿಫ್ಟಿ ಪಟ್ಟಿಯ 50 ದೊಡ್ಡ ಕಂಪನಿಗಳ ಶೇರನ್ನು ಪಟ್ಟಿಯಲ್ಲಿದ್ದಂತೆಯೇ ಕೊಳ್ಳುವ ಫಂಡ್‌ಗೆ, ತಿಂಗಳಿಗೆ 5,000 ಹಾಕುತ್ತಾ ಬಂದಿದ್ದೇನೆ. 72 ಕಂತು, ಒಟ್ಟು 3.60 ಲಕ್ಷ. ಮಾರ್ಚ್ ಕೊನೆಗೆ 5.57 ಲಕ್ಷ ಇತ್ತು. ವರ್ಷಕ್ಕೆ ಶೇ 15ರ ಹತ್ತಿರ. ಈ ಫಂಡ್ ಬಗ್ಗೆ ನಾನು ಆರು ವರ್ಷದಲ್ಲಿ ಒಂದು ತಾಸು ಕೂಡ ಯೋಚನೆ ಮಾಡಿಲ್ಲ. ಸಂಬಳ ಬಂದ ಐದನೇ ದಿನ ತಾನೇ ಹೋಗುತ್ತದೆ.

ಪಿಪಿಎಫ್ ಅನ್ನುವ ಸರ್ಕಾರಿ ಉಳಿತಾಯ ಖಾತೆಗೆ ವರ್ಷಕ್ಕೆ 50,000, ಒಂಬತ್ತು ವರ್ಷ ಆಯಿತು, 6.5 ಲಕ್ಷದ ಹತ್ತಿರ ಇದೆ. 2019ರಲ್ಲಿ 20 ಗ್ರಾಂ ಸರ್ಕಾರಿ ಚಿನ್ನದ ಬಾಂಡ್ ಕೊಂಡಿದ್ದೆ, ಗ್ರಾಂಗೆ 3,800ರ ಆಸುಪಾಸು. ಅದು ಎಲ್ಲಿಗೆ ಹೋಗಿದೆ ಅಂತ ನಿಮಗೆ ಗೊತ್ತೇ ಇದೆ. ಎರಡು ಬ್ಯಾಂಕಿನಲ್ಲಿ ಸೇರಿ 2 ಲಕ್ಷ ಎಫ್‌ಡಿ, ಅದು ಆಪತ್ತಿಗೆ.

ಇನ್ನು ಶೇರು. ಇದೇ ನನ್ನ ನಿಜವಾದ ಆಸಕ್ತಿ. 11 ಕಂಪನಿ. ಹಾಕಿದ್ದು 4.10 ಲಕ್ಷ, ಈಗ 5.02 ಲಕ್ಷ. ಆ್ಯಪ್ ತೆರೆದರೆ ಹಸಿರು ಅಕ್ಷರದಲ್ಲಿ ಶೇ 22 ಲಾಭ ಅಂತ ಕಾಣುತ್ತದೆ. ಒಂದು ಶೇರು ಮೂರು ಪಟ್ಟು ಆಗಿದೆ, ಅದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕ ಇಲ್ಲ. ಆದರೆ ಆ್ಯಪ್ ತೋರಿಸುವುದು ಈಗ ಕೈಯಲ್ಲಿ ಇರುವುದನ್ನು ಮಾತ್ರ, ಅಲ್ವಾ? ನಡುವೆ ನಾನು ನಷ್ಟಕ್ಕೆ ಮಾರಿದ ಮೂರು ಶೇರು ಅದರಲ್ಲಿ ಇಲ್ಲವೇ ಇಲ್ಲ. ಅಲ್ಲಿ 31,000 ಹೋಗಿತ್ತು. ಅದನ್ನೂ ಸೇರಿಸಿದೆ, ಕಂಪನಿಗಳು ಹಂಚಿದ ಲಾಭ, ಅಂದರೆ ಡಿವಿಡೆಂಡ್, 14,000 ಕೂಡ ಸೇರಿಸಿದೆ. ಆಗ ಬಂದ ಉತ್ತರ ಶೇ 5ರ ಆಸುಪಾಸು. ಪಿಪಿಎಫ್‌ನ 7.1 ಕೂಡ ಇದಕ್ಕಿಂತ ಮೇಲೆ. ದಿನಾ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಕಿಟಕಿ ಹತ್ತಿರ ನಿಂತು, ನೆಟ್‌ವರ್ಕ್ ಸಿಗುವ ಆ ಒಂದೇ ಜಾಗದಲ್ಲಿ, ಬೆಲೆ ನೋಡಿದ್ದಕ್ಕೆ ಸಿಕ್ಕಿದ್ದು ಇದು.

ಈಗ ಓದಿನ ವಿಷಯ. ಕಳೆದ ತಿಂಗಳು ವಾಡಿ ಜಂಕ್ಷನ್‌ನಲ್ಲಿ ಮುಂದಿನ ರೈಲಿಗೆ ಎರಡು ತಾಸು ಇತ್ತು. ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ತಮ್ಮ ಕಂಪನಿಯ ಶೇರುದಾರರಿಗೆ ವರ್ಷಕ್ಕೊಂದು ಪತ್ರ ಬರೆಯುತ್ತಾರೆ, ಎಲ್ಲ ಪುಕ್ಕಟೆ ಸಿಗುತ್ತವೆ. 2013ನೇ ವರ್ಷದ ಪತ್ರ ತೆರೆದೆ. ಅದರಲ್ಲಿ ಒಂದು ಹೊಲದ ಕಥೆ ಇದೆ. 1986ರಲ್ಲಿ ಒಮಾಹಾದಿಂದ 50 ಮೈಲಿ ದೂರದಲ್ಲಿ 400 ಎಕರೆ ಹೊಲವನ್ನು 2,80,000 ಡಾಲರ್‌ಗೆ ಕೊಂಡರಂತೆ. ಅದಕ್ಕೂ ಮುಂಚೆ ಆ ಕಡೆ ಹೊಲದ ಬೆಲೆ ವಿಪರೀತ ಏರಿ ಕುಸಿದಿತ್ತು. ಅವರಿಗೆ ಬೇಸಾಯ ಗೊತ್ತಿಲ್ಲ. ಬೇಸಾಯ ಗೊತ್ತಿದ್ದ ಮಗನನ್ನು ಕೇಳಿ ಮೆಕ್ಕೆಜೋಳ ಎಷ್ಟು ಬೆಳೆಯುತ್ತದೆ, ಸೋಯಾ ಎಷ್ಟು, ಖರ್ಚು ಎಷ್ಟು ಅಂತ ತಿಳಿದುಕೊಂಡು, ವರ್ಷಕ್ಕೆ ಸುಮಾರು ಶೇ 10 ಹುಟ್ಟುತ್ತದೆ ಅಂತ ಲೆಕ್ಕ ಹಾಕಿ ಕೊಂಡರು. 28 ವರ್ಷ ಆದ ಮೇಲೆ ಹೊಲದ ಆದಾಯ ಮೂರು ಪಟ್ಟು, ಬೆಲೆ ಐದು ಪಟ್ಟಿಗೂ ಜಾಸ್ತಿ. ಅಷ್ಟೂ ವರ್ಷದಲ್ಲಿ ಅವರು ಆ ಹೊಲಕ್ಕೆ ಹೋಗಿದ್ದು ಎರಡೇ ಸಲ. ಆಮೇಲೆ ಕೇಳುತ್ತಾರೆ: ಬದುವಿನ ಆಚೆ ಒಬ್ಬ ಚಂಚಲ ಮನುಷ್ಯ ಇದ್ದಾನೆ, ದಿನಾ ಬಂದು ನಿನ್ನ ಹೊಲಕ್ಕೆ ಇಷ್ಟು ಕೊಡುತ್ತೇನೆ ಅಂತ ಕೂಗುತ್ತಾನೆ, ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ಅವನು ಕೂಗಿದ ಅಂತ ನಿನ್ನ ಹೊಲ ಬದಲಾಯಿತಾ?

ಅಲ್ಲಿ ನಾನು ಮೊಬೈಲ್ ಕೆಳಗಿಟ್ಟೆ. ಯಾಕೆಂದರೆ ಜೇವರ್ಗಿ ತಾಲೂಕಿನಲ್ಲಿ ನಮಗೂ ನಾಲ್ಕು ಎಕರೆ ಎರೆ ಹೊಲ ಇದೆ, ನನ್ನ ಮತ್ತು ತಮ್ಮನ ಹೆಸರಿಗೆ. ತೊಗರಿ ಹೊಲ. ಆ ಹೊಲದ ಬಗ್ಗೆ ನನಗೆ ಎಲ್ಲ ಗೊತ್ತು. ಮಳೆ ಚೆನ್ನಾಗಿ ಆದರೆ ಎಕರೆಗೆ ನಾಲ್ಕು ಕ್ವಿಂಟಲ್. 2022ರಲ್ಲಿ ನೆಟೆ ರೋಗ ಬಂದು ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದ್ದು ಕಣ್ಣಲ್ಲಿ ಇದೆ, ಆ ವರ್ಷ ಒಂದೂವರೆ ಕ್ವಿಂಟಲ್ ಕೂಡ ಆಗಲಿಲ್ಲ. ತೊಗರಿ 2023ರ ಕೊನೆಗೆ ಕ್ವಿಂಟಲ್‌ಗೆ 10,000 ದಾಟಿತ್ತು, ಈ ಸಲ ಬೆಂಬಲ ಬೆಲೆ 7,550ಕ್ಕಿಂತ ಕೆಳಗೂ ಇಳಿಯಿತು. ಇಷ್ಟೆಲ್ಲ ಆದರೂ ಒಂದು ದಿನವಾದರೂ ನಾನು ಈ ಹೊಲದ ಬೆಲೆ ಇವತ್ತು ಎಷ್ಟು ಅಂತ ಕೇಳಿದವನಲ್ಲ. ಅದೇ ನನ್ನ 11 ಕಂಪನಿಗಳ ಬೆಲೆ ದಿನಾ ಬಾಯಿಪಾಠ. ಅವು ಎಷ್ಟು ಬೆಳೆಯುತ್ತವೆ, ಖರ್ಚು ಎಷ್ಟು ಅಂದರೆ ಬಾಯಿ ಮುಚ್ಚಬೇಕು.

ಒಂದು ಉದಾಹರಣೆ. 11ರಲ್ಲಿ ಒಂದು ಸಿಮೆಂಟ್ ಕಂಪನಿ ಇದೆ. ಯಾಕೆ ಕೊಂಡೆ ಗೊತ್ತಾ? ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಸಾಲು ನೋಡಿ ಈ ಧಂದೆ ಜೋರಾಗಿದೆ ಅನ್ನಿಸಿತು. ಈಗ ಅದರ ವಾರ್ಷಿಕ ವರದಿ ತೆರೆದು ಖರ್ಚಿನ ಪುಟಕ್ಕೆ ಹೋದೆ. ವಿದ್ಯುತ್ತು, ಇಂಧನ, ಸಾಗಣೆ, ಇವೇ ಖರ್ಚಿನ ದೊಡ್ಡ ಪಾಲು. ಸುಣ್ಣದ ಕಲ್ಲು ನಮ್ಮ ನೆಲದಡಿಯೇ ಇದೆ, ಅದಕ್ಕೇ ವಾಡಿ, ಸೇಡಂ, ಮಳಖೇಡದಲ್ಲಿ ಕಾರ್ಖಾನೆ ಬಂದವು. ಆದರೆ ಸುಡುವ ಕಲ್ಲಿದ್ದಲು, ಪೆಟ್‌ಕೋಕ್ ದೂರದಿಂದ ಬರಬೇಕು, ಚೀಲ ದೂರ ಹೋಗಬೇಕು. ಸಿಮೆಂಟ್ ಭಾರ ಜಾಸ್ತಿ, ಬೆಲೆ ಕಡಿಮೆ, ಆದ್ದರಿಂದ ಲಾರಿ ಜಾಸ್ತಿ ದೂರ ಓಡಿದಷ್ಟೂ ಲಾಭ ಕರಗುತ್ತದೆ. ನಾನು ಲಾಭ ಅಂದುಕೊಂಡು ನೋಡಿದ್ದು ಆ ಕಂಪನಿಯ ಖರ್ಚನ್ನು.

ಹಾಗಾಗಿ ನನ್ನ ಪ್ರಶ್ನೆ. 11 ಶೇರನ್ನೂ ಮಾರಿ ಇಂಡೆಕ್ಸ್ ಫಂಡ್‌ಗೆ ಹಾಕಿಬಿಡಲಾ? ಅದೇ ಪತ್ರದಲ್ಲಿ ಬಫೆಟ್ ತಮ್ಮ ಹೆಂಡತಿಗೆ ಬಿಟ್ಟು ಹೋಗುವ ಹಣದ ಬಗ್ಗೆಯೂ ಬರೆದಿದ್ದಾರೆ: ಶೇ 10 ಅಲ್ಪಾವಧಿ ಸರ್ಕಾರಿ ಬಾಂಡ್, ಶೇ 90 ಕಡಿಮೆ ಖರ್ಚಿನ ಇಂಡೆಕ್ಸ್ ಫಂಡ್. ಇಲ್ಲಾ, ಈಗಲಾದರೂ ವರದಿ ಓದುವುದು ಕಲಿತು ಒಂದೆರಡು ಇಟ್ಟುಕೊಳ್ಳಲಾ? ನನಗೆ ಇದು ಬರೀ ದುಡ್ಡಿನ ವಿಷಯ ಅಲ್ಲ, ಓದುವುದು ಖುಷಿ ಕೊಡುತ್ತದೆ. ಇನ್ನೊಂದು, ತಮ್ಮ ಹೊಲ ಮಾರಿ ರಿಂಗ್ ರೋಡ್ ಕಡೆ ಸೈಟು ಕೊಳ್ಳೋಣ ಅನ್ನುತ್ತಿದ್ದಾನೆ. ಲಾವಣಿ ಎಕರೆಗೆ 12,000, ಎಕರೆಗೆ 10 ಲಕ್ಷದ ಬೆಲೆ ಹಿಡಿದರೆ ವರ್ಷಕ್ಕೆ ಶೇ 1.2 ಅಷ್ಟೇ. ಹೊಲವನ್ನೂ ಈ ಲೆಕ್ಕದಲ್ಲಿ ಸೇರಿಸಬೇಕಾ?

ನೌಬಾದ್‌ನವನು, ಬೀದರ್
ಏಪ್ರಿಲ್ 2

ಮೇಷ್ಟ್ರೇ, ಮೊದಲು ಒಂದು ಮಾತು. ಮಾರಿದ ಮೂರು ಶೇರನ್ನು ಲೆಕ್ಕಕ್ಕೆ ಸೇರಿಸಿದಿರಲ್ಲ, ಅದನ್ನು ತುಂಬಾ ಜನ ಮಾಡುವುದಿಲ್ಲ. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ 30 ವರ್ಷ ಇದ್ದವನು, ಈಗ ನಿವೃತ್ತ. ಸಾಲ ಕೇಳಲು ಬರುವವರ ಲೆಕ್ಕಪತ್ರ ಓದುವುದೇ ಕೆಲಸ ಆಗಿತ್ತು. ಅದರಿಂದ ಗೊತ್ತಿರುವುದನ್ನು ಹೇಳುತ್ತೇನೆ.

ವಾರ್ಷಿಕ ವರದಿ 300 ಪುಟ ಇದ್ದರೆ ಹೆದರಬೇಡಿ. ಮುಂದಿನ ಬಣ್ಣದ ಪುಟಗಳನ್ನು ಬಿಡಿ. ಲಾಭ ನಷ್ಟದ ಪುಟಕ್ಕಿಂತ ಮುಂಚೆ ನಗದು ಹರಿವಿನ ಪುಟ ತೆಗೆಯಿರಿ. ಅಲ್ಲಿ ದಿನನಿತ್ಯದ ವ್ಯವಹಾರದಿಂದ ನಿಜವಾಗಿ ಎಷ್ಟು ನಗದು ಬಂತು ಅಂತ ಒಂದು ಸಾಲು ಇರುತ್ತದೆ. ಅದನ್ನು ಐದು ವರ್ಷದ ಲಾಭದ ಪಕ್ಕ ಇಟ್ಟು ನೋಡಿ. ನಮ್ಮ ಕಡೆ ಅಡತ್ ಅಂಗಡಿ, ಅಂದರೆ ರೈತರ ಮಾಲು ಮಾರಿಸುವ ದಲ್ಲಾಳಿ ಅಂಗಡಿ, ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ವಹಿಯಲ್ಲಿ ಮಾಲು ಮಾರಿದ್ದು ಬರೆದಿರುತ್ತಾರೆ, ಲಾಭ ಕೂಡ ಬರೆದಿರುತ್ತಾರೆ, ಆದರೆ ಎಲ್ಲ ಉದ್ರಿ. ರೈತನಿಗೆ ನಗದು ಕೊಡಬೇಕು, ಗಿರಾಕಿಯಿಂದ ನಗದು ಬಂದಿಲ್ಲ. ಒಂದು ವರ್ಷ ಹೀಗಾದರೆ ಸರಿ. ಲಾಭ ಏರುತ್ತಾ ಹೋಗಿ ನಗದು ಇಳಿಯುತ್ತಾ ಹೋದರೆ, ಉದ್ರಿ ಬರುತ್ತಿಲ್ಲ ಅಂತಲೇ ಅರ್ಥ. ದೊಡ್ಡ ಕಂಪನಿಯಲ್ಲೂ ಅಷ್ಟೇ. ಟ್ರೇಡ್ ರಿಸೀವಬಲ್ಸ್ ಅಂತ ಇರುತ್ತದೆ, ಅದೇ ಉದ್ರಿ. ಮಾರಾಟ ಶೇ 10 ಏರಿದಾಗ ಉದ್ರಿ ಶೇ 40 ಏರಿದ್ದರೆ ನಾನು ಆ ಫೈಲನ್ನು ಪಕ್ಕಕ್ಕೆ ಇಡುತ್ತಿದ್ದೆ.

ಆಮೇಲೆ ಲೆಕ್ಕ ಪರಿಶೋಧಕರ ವರದಿ. ಅದರಲ್ಲಿ ತಕರಾರು ಇದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಆಮೇಲೆ ಸಂಬಂಧಿತ ಪಕ್ಷಗಳ ಜೊತೆ ಮಾಡಿದ ವ್ಯವಹಾರದ ಟಿಪ್ಪಣಿ, ಅಂದರೆ ಮಾಲೀಕರು ತಮ್ಮದೇ ಬೇರೆ ಕಂಪನಿಗೆ ಸಾಲ ಕೊಟ್ಟಿದ್ದಾರಾ, ಬಾಡಿಗೆ ಕೊಟ್ಟಿದ್ದಾರಾ ಅನ್ನುವುದು. ಪ್ರವರ್ತಕರು ತಮ್ಮ ಶೇರನ್ನು ಅಡ ಇಟ್ಟಿದ್ದಾರಾ ಅನ್ನುವುದು ಮೂರು ತಿಂಗಳಿಗೊಮ್ಮೆ ಷೇರು ವಿನಿಮಯ ಕೇಂದ್ರದ ವೆಬ್‌ಸೈಟಿನಲ್ಲೇ ಸಿಗುತ್ತದೆ.

11 ಕಂಪನಿಗೂ ಇದನ್ನು ಮಾಡಲು ನಿಮಗೆ ಟೈಮ್ ಇಲ್ಲ. ಪರೀಕ್ಷೆ ಪೇಪರ್ ತಿದ್ದುವವರು ನೀವು. ಎರಡಕ್ಕೆ ಮಾಡಬಹುದು. ಹಾಗಾಗಿ ನನ್ನ ಅಭಿಪ್ರಾಯ: ನಿಮ್ಮ ಹೊಲದ ಬಗ್ಗೆ ಹೇಳಿದಂತೆ ಅರ್ಧ ಪುಟ ಬರೆಯಲು ಬರುವ ಕಂಪನಿ ಯಾವುದೋ ಅದನ್ನು ಇಟ್ಟುಕೊಳ್ಳಿ. ಬರೆಯಲು ಬಾರದ್ದನ್ನು ಮಾರಿ.

ಹೊಲದ ಶೇ 1.2 ಬಗ್ಗೆ. ನಿಫ್ಟಿ ಕಂಪನಿಗಳೆಲ್ಲ ಸೇರಿ ಕೈಗೆ ಕೊಡುವ ಡಿವಿಡೆಂಡ್ ಕೂಡ ಅವುಗಳ ಬೆಲೆಯ ಶೇ 1.3ರ ಹತ್ತಿರವೇ. ವ್ಯತ್ಯಾಸ ಏನೆಂದರೆ ಕಂಪನಿ ಉಳಿದ ಲಾಭವನ್ನು ಮತ್ತೆ ಧಂದೆಗೆ ಹಾಕಿ ಬೆಳೆಯುತ್ತದೆ. ನಾಲ್ಕು ಎಕರೆ ಮುಂದಿನ ವರ್ಷ ನಾಲ್ಕೂವರೆ ಎಕರೆ ಆಗುವುದಿಲ್ಲ. ಬಾವಿ ತೋಡಿದರೆ, ಹನಿ ನೀರಾವರಿ ಹಾಕಿದರೆ ಮಾತು ಬೇರೆ.

ಭೀಮಾ ದಂಡೆ, ಯಾದಗಿರಿ
ಏಪ್ರಿಲ್ 3

ನಾನು ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಸರ್, ನಿಮ್ಮ ಶೇ 5 ಅಪಾಯ ಅಲ್ಲ. ಆ ಶೇ 5 ನೋಡಿದ ಮೇಲೆ ಮನಸ್ಸಿಗೆ ಬರುವ ಯೋಚನೆ ಅಪಾಯ. ನನಗೆ ಆಗಿದ್ದು ಹೇಳುತ್ತೇನೆ.

2022ರಲ್ಲಿ ನಾನೂ ಹೀಗೇ ಲೆಕ್ಕ ಹಾಕಿದೆ. ಭಾವನ ಫಂಡ್‌ಗಿಂತ ನನ್ನ ಶೇರು ಹಿಂದಿತ್ತು. ಹಿಂದೆ ಬಿದ್ದಿದ್ದನ್ನು ಬೇಗ ಸರಿ ಮಾಡಬೇಕು ಅಂತ ಅನ್ನಿಸಿತು. ಬೇಗ ಅನ್ನುವ ಆ ಒಂದು ಮಾತಿಗೆ ಆಪ್ಷನ್ಸ್ ಕಡೆ, ಅಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಪಣ ಕಟ್ಟುವಂಥ ಒಪ್ಪಂದಗಳ ಕಡೆ, ಹೋದೆ. ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾರೆ, ಕೌಂಟರ್ ಕೆಳಗೆ ಮೊಬೈಲ್ ಹಿಡಿದು ಕೂತಿದ್ದೇನೆ. ಒಂದು ದಿನ ಒಬ್ಬ ಅಜ್ಜಿಗೆ ಬಿಪಿ ಮಾತ್ರೆ 5 ಎಂಜಿ ಬದಲು 10 ಎಂಜಿ ಕೊಟ್ಟಿದ್ದೆ. ಅವರು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ನೆನಪಾಗಿ ಓಡಿಹೋಗಿ ಬದಲಿಸಿ ಬಂದೆ. ಅವತ್ತೇ ಆ ಖಾತೆ ಮುಚ್ಚಿಸಿದೆ. ಅಷ್ಟರಲ್ಲಿ 14 ತಿಂಗಳಲ್ಲಿ 1.80 ಲಕ್ಷ ಹೋಗಿತ್ತು.

ಆಮೇಲೆ ಶೇರು ಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ವರದಿ ಹೊರಡಿಸಿತು, ಮೂರು ಹಣಕಾಸು ವರ್ಷದ್ದು. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿಗೆ ನಷ್ಟ. ಒಬ್ಬೊಬ್ಬರಿಗೆ ಸರಾಸರಿ 2 ಲಕ್ಷದ ಆಸುಪಾಸು, ಎಲ್ಲ ಸೇರಿ 1.8 ಲಕ್ಷ ಕೋಟಿಗೂ ಜಾಸ್ತಿ. ನನ್ನ ಅಂಕಿ ಆ ಸರಾಸರಿಯ ಪಕ್ಕದಲ್ಲೇ ಇದೆ ಅಂತ ಓದಿದಾಗ ಕೈ ತಣ್ಣಗಾಯಿತು.

ನಿಮಗೆ ಆ ಕಡೆ ಹೋಗುವ ಯೋಚನೆ ಇಲ್ಲದಿರಬಹುದು. ಆದರೂ ಹೇಳುತ್ತೇನೆ, ಶೇ 5ನ್ನು ಶೇ 15 ಮಾಡಲು ಹೊರಡಬೇಡಿ. ಹೋದ ಆರು ವರ್ಷ ಹೋಯಿತು. ಸಿಮೆಂಟ್ ಶೇರು ಕೂಡ ಮಾರಿ ಸುಮ್ನೆ ಫಂಡ್‌ಗೆ ಹಾಕಿ. ಬೀದರ್ ಸರ್ ಹೇಳಿದ್ದು ಸರಿ ಇರಬಹುದು, ಅವರು 30 ವರ್ಷ ಫೈಲ್ ನೋಡಿದವರು, ನಾವು ಅಲ್ಲ.

ಲೆಕ್ಕಪತ್ರ, ಕಲಬುರಗಿ
ಏಪ್ರಿಲ್ 3

ನಾನು ತೆರಿಗೆ ರಿಟರ್ನ್ ಮಾಡಿಕೊಡುವ ಕೆಲಸ ಮಾಡುತ್ತೇನೆ. ಮಾರುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು. ಆದರೆ ಮಾರಿದರೆ ತೆರಿಗೆ ಎಷ್ಟು ಅಂತ ಯಾರೂ ಹೇಳಲಿಲ್ಲ.

12 ತಿಂಗಳು ದಾಟಿದ ಶೇರು ಮಾರಿದರೆ ಲಾಭಕ್ಕೆ ಶೇ 12.5. ಅದರಲ್ಲಿ ಒಂದು ಹಣಕಾಸು ವರ್ಷಕ್ಕೆ ಮೊದಲ 1.25 ಲಕ್ಷಕ್ಕೆ ತೆರಿಗೆ ಇಲ್ಲ. 12 ತಿಂಗಳ ಒಳಗಿನದ್ದಾದರೆ ಶೇ 20. ಈ ದರ 2024ರ ಜುಲೈ 23ರಿಂದ. ನಿಮ್ಮ ಒಟ್ಟು ಲಾಭವೇ 92,000. ಹೊಸ ವರ್ಷ ಮೊನ್ನೆ ಶುರುವಾಗಿದೆ, ವಿನಾಯಿತಿ ಪೂರ್ತಿ ಇದೆ. ಅಂದರೆ ಎಲ್ಲವೂ 12 ತಿಂಗಳು ದಾಟಿದ್ದರೆ, ಬೇರೆ ಏನೂ ಮಾರದಿದ್ದರೆ, 11ನ್ನೂ ಮಾರಿದರೂ ತೆರಿಗೆ ಸೊನ್ನೆ. ಕಳೆದ ವರ್ಷ ಕೊಂಡಿದ್ದು ಏನಾದರೂ ಇದ್ದರೆ ಅದರ ತಾರೀಖು ನೋಡಿ. ಡಿಮ್ಯಾಟ್‌ನಲ್ಲಿ, ಅಂದರೆ ಶೇರು ಇಡುವ ಖಾತೆಯಲ್ಲಿ, ಮೊದಲು ಕೊಂಡಿದ್ದು ಮೊದಲು ಮಾರಿದಂತೆ ಲೆಕ್ಕ.

ನಿಮಗೊಂದು ಪ್ರಶ್ನೆ. ನಷ್ಟಕ್ಕೆ ಮಾರಿದ ಆ ಮೂರು ಶೇರನ್ನು ಆಯಾ ವರ್ಷದ ರಿಟರ್ನ್‌ನಲ್ಲಿ ತೋರಿಸಿದ್ದೀರಾ? ಗಡುವಿನೊಳಗೆ ಐಟಿಆರ್-2 ಅನ್ನುವ ರಿಟರ್ನ್ ನಮೂನೆ ಹಾಕಿ ನಷ್ಟ ತೋರಿಸಿದ್ದರೆ ಎಂಟು ವರ್ಷದವರೆಗೆ ಮುಂದೆ ಒಯ್ದು ಲಾಭದಲ್ಲಿ ಕಳೆಯಬಹುದು. ಮೇಷ್ಟ್ರುಗಳು ಸಂಬಳ ಮಾತ್ರ ಇದೆ ಅಂತ ಐಟಿಆರ್-1 ಹಾಕಿ ಬಿಟ್ಟಿರುತ್ತಾರೆ, ಪ್ರತಿ ಜುಲೈನಲ್ಲಿ ನೋಡುತ್ತೇನೆ, ಬೇಸರ ಆಗುತ್ತದೆ. 31,000 ನಷ್ಟಕ್ಕೂ ಬೆಲೆ ಇದೆ.

ಹೊಲ. ಹಳ್ಳಿಯ ಕೃಷಿ ಭೂಮಿಯನ್ನು ಆದಾಯ ತೆರಿಗೆ ಕಾಯ್ದೆ ಬಂಡವಾಳ ಆಸ್ತಿ ಅಂತ ಹಿಡಿಯುವುದಿಲ್ಲ, ಮಾರಿದ ಲಾಭಕ್ಕೆ ತೆರಿಗೆ ಬರುವುದಿಲ್ಲ. ಒಂದು ಲಕ್ಷದಿಂದ ಹತ್ತು ಲಕ್ಷ ಜನಸಂಖ್ಯೆಯ ಊರಾದರೆ ನಗರಸಭೆ ಅಥವಾ ಪಾಲಿಕೆ ಗಡಿಯಿಂದ ಆರು ಕಿಲೋಮೀಟರ್ ಆಚೆ ಇರಬೇಕು, ರಸ್ತೆಯಲ್ಲಿ ಅಳೆಯುವುದಲ್ಲ, ನೇರ ಗೆರೆ. ಕಲಬುರಗಿ ಆ ಸಾಲಿಗೆ ಬರುತ್ತದೆ. ಚಿಕ್ಕ ಊರಿಗೆ ಎರಡು ಕಿಲೋಮೀಟರ್, ಹಾಗಾಗಿ ಜೇವರ್ಗಿ ಪಟ್ಟಣದಿಂದ ಎಷ್ಟು ದೂರ ಅಂತಲೂ ನೋಡಿಕೊಳ್ಳಿ. ಅದನ್ನು ಮಾರಿ ಸೈಟು ಕೊಂಡರೆ ಆ ಅನುಕೂಲ ಹೋಯಿತು, ನಾಳೆ ಸೈಟು ಮಾರುವಾಗ ಲಾಭಕ್ಕೆ ತೆರಿಗೆ ಇದೆ. ಜೊತೆಗೆ ಸೈಟು ಎನ್‌ಎ, ಅಂದರೆ ಕೃಷಿಯೇತರ ಜಾಗ, ಆಗಿದೆಯಾ, ಲೇಔಟ್‌ಗೆ ಮಂಜೂರಾತಿ ಇದೆಯಾ ಅಂತ ಕಾಗದ ನೋಡದೆ ಮುಂಗಡ ಕೊಡಲೇಬೇಡಿ ಅಂತ ತಮ್ಮನಿಗೆ ಹೇಳಿ.

ಹುಮನಾಬಾದ್ ಅಕ್ಕ
ಏಪ್ರಿಲ್ 5

ಎಲ್ಲರೂ ಲೆಕ್ಕ ಚೆನ್ನಾಗಿ ಹೇಳಿದ್ದೀರಿ. ನಾನು ಬೇರೆ ಒಂದು ವಿಷಯ ಕೇಳುತ್ತೇನೆ ಅಣ್ಣ. ಈ ಡೈರಿ ಮನೆಯಲ್ಲಿ ಯಾರಿಗೆ ಗೊತ್ತು?

ನಮ್ಮಪ್ಪ ಶಹಾಬಾದ್‌ನಲ್ಲಿ ಕಾರ್ಖಾನೆ ನೌಕರರು. 1994ರಲ್ಲಿ ಗೆಳೆಯರ ಮಾತು ಕೇಳಿ ಒಂದು ಕಂಪನಿಯ 200 ಶೇರು ಕೊಂಡಿದ್ದರು, ಆಗೆಲ್ಲ ಕಾಗದದ ಶೇರು. 2016ರಲ್ಲಿ ಅಪ್ಪ ತೀರಿಕೊಂಡರು. ಶೇರಿನ ವಿಷಯ ಅವ್ವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 2021ರಲ್ಲಿ ತಂಗಿ ಮದುವೆಗೆ ಅಂತ ಟ್ರಂಕ್ ತೆಗೆದಾಗ ಅವ್ವನ ಇಳಕಲ್ ಸೀರೆ ಮಡಿಕೆ ನಡುವೆ ನಾಲ್ಕು ಪ್ರಮಾಣಪತ್ರ ಸಿಕ್ಕವು, ಮೂಲೆಯಲ್ಲಿ ಗೆದ್ದಲು ಹಿಡಿದಿತ್ತು, ನಂಬರ್ ಮಾತ್ರ ಕಾಣುತ್ತಿತ್ತು. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ತೆಗೆದುಕೊಳ್ಳದಿದ್ದರೆ ಶೇರನ್ನೇ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಒಯ್ಯುತ್ತಾರೆ ಅಂತ ಆಗ ಗೊತ್ತಾಯಿತು. ಅಪ್ಪ ಬಾಡಿಗೆ ಮನೆ ಬದಲಿಸಿದಾಗ ವಿಳಾಸ ತಿದ್ದಿಸಿರಲಿಲ್ಲ, ಹಾಗಾಗಿ ಡಿವಿಡೆಂಡ್ ವಾರಂಟ್‌ಗಳು ವಾಪಸ್ ಹೋಗುತ್ತಿದ್ದವು. ವಾಪಸ್ ಪಡೆಯಲು ಐಇಪಿಎಫ್-5 ಅಂತ ಅರ್ಜಿ. ಶೇರಿನಲ್ಲಿ ಅಪ್ಪನ ಹೆಸರಿನ ಮುಂದೆ ಒಂದು ಇನಿಷಿಯಲ್, ಆಧಾರ್‌ನಲ್ಲಿ ಬೇರೆ. ವಂಶಾವಳಿ, ಅಫಿಡವಿಟ್, ಎಲ್ಲರ ಒಪ್ಪಿಗೆ ಪತ್ರ. ನಾನು ನರ್ಸ್, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನೋಟರಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಎರಡೂವರೆ ವರ್ಷ ಹಿಡಿಯಿತು. ಅವ್ವನ ಹೆಸರಿಗೆ ಬಂದ ದಿನ ಅವ್ವ ಕೇಳಿದ್ದು ಒಂದೇ ಮಾತು, ನಿಮ್ಮಪ್ಪ ನನಗೆ ಯಾಕೆ ಹೇಳಲಿಲ್ಲ ಅಂತ.

ನಿಮ್ಮ ಡಿಮ್ಯಾಟ್, ಫಂಡ್, ಪಿಪಿಎಫ್, ಚಿನ್ನದ ಬಾಂಡ್, ನಾಲ್ಕರಲ್ಲೂ ನಾಮಿನಿ ಇದೆಯಾ ಅಂತ ಇವತ್ತೇ ನೋಡಿ. 11 ಕಂಪನಿ ಬದಲು ಒಂದು ಫಂಡ್ ಇದ್ದರೆ ನಿಮ್ಮ ಮನೆಯವರಿಗೂ ಹಗುರ. ನಾನು ಅದಕ್ಕೇ ಒಂದೇ ಫಂಡ್ ಇಟ್ಟಿದ್ದೇನೆ.

ಎರೆಹೊಲ, ಕಲಬುರಗಿ
ಏಪ್ರಿಲ್ 9

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಕ್ಕನ ಮಾತು ಓದಿದ ರಾತ್ರಿಯೇ ಮನೆಯವಳನ್ನು ಕೂರಿಸಿಕೊಂಡು ಡೈರಿ ತೋರಿಸಿದೆ. ಮದುವೆಯಾಗಿ 16 ವರ್ಷ, ಇದೇ ಮೊದಲು. ಚಿನ್ನದ ಬಾಂಡ್‌ಗೆ ನಾಮಿನಿ ಇತ್ತು, ಪಿಪಿಎಫ್‌ಗೆ ಇತ್ತು, ಡಿಮ್ಯಾಟ್‌ಗೆ ಇರಲಿಲ್ಲ. ಈಗ ಹಾಕಿದೆ. ಅವಳು ಒಂದು ಪ್ರಶ್ನೆ ಕೇಳಿದಳು: ಈ 11ರಲ್ಲಿ ಯಾವುದನ್ನು ನೀವು ಹೊಲದಷ್ಟು ನಂಬುತ್ತೀರಿ? ನೌಬಾದ್ ಸರ್ ಹೇಳಿದ್ದೂ ಅದೇ. ಭಾನುವಾರ ಪೂರ್ತಿ ಕೂತು ಒಂದೊಂದಕ್ಕೂ ಅರ್ಧ ಪುಟ ಬರೆಯಲು ನೋಡಿದೆ. ಎರಡಕ್ಕೆ ಬಂತು. ಒಂದಕ್ಕೆ ಮೂರು ಸಾಲು. ಮೂರು ಪಟ್ಟು ಆಗಿದೆ ಅಂತ ಊರಿಗೆಲ್ಲ ಹೇಳಿದ್ದೆನಲ್ಲ, ಅದಕ್ಕೆ ಒಂದೂ ಸಾಲು ಬರಲಿಲ್ಲ. ಅದನ್ನು ಯಾಕೆ ಕೊಂಡೆ ಅಂತಲೇ ನೆನಪಿಲ್ಲ.

ಸೋಮವಾರ, 7ನೇ ತಾರೀಖು, ಮಾರಬೇಕು ಅಂತ ಇಟ್ಟುಕೊಂಡಿದ್ದೆ. ಅವತ್ತು ಏನಾಯಿತು ಅಂತ ನಿಮಗೆ ಗೊತ್ತು. ಅಮೆರಿಕದ ಸುಂಕದ ಸುದ್ದಿಗೆ ನಿಫ್ಟಿ ಒಂದೇ ದಿನ 743 ಅಂಕ ಬಿತ್ತು, ಶೇ 3.24. ಬೆಳಿಗ್ಗೆ ಸೆನ್ಸೆಕ್ಸ್ ಸುಮಾರು 3,900 ಅಂಕ ಕೆಳಗೆ ಹೋಗಿ, ಕೊನೆಗೆ 2,227 ಕಡಿಮೆಯಲ್ಲಿ ನಿಂತಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೊಬೈಲ್ ಹಿಡಿದು ನಿಂತಿದ್ದರು, ಈಗ ಮಾರಬೇಡಿ ಅಂತ ಒಬ್ಬರು, ಇನ್ನೂ ಬೀಳುತ್ತದೆ ಈಗಲೇ ಮಾರಿ ಅಂತ ಇನ್ನೊಬ್ಬರು. ಬದುವಿನ ಆಚೆಯವನು ಇಷ್ಟು ಜೋರಾಗಿ ಕೂಗಿದ್ದನ್ನು ನಾನು 2024ರ ಜೂನ್ ಆದಮೇಲೆ ಕೇಳಿರಲಿಲ್ಲ.

ಆದರೆ ಯೋಚನೆ ಮಾಡಿದೆ. ನಾನು ಶೇರು ಮಾರಿ ನಗದು ಇಟ್ಟುಕೊಳ್ಳುತ್ತಿಲ್ಲ, ಶೇರು ಮಾರಿ ಇಂಡೆಕ್ಸ್ ಫಂಡ್ ಕೊಳ್ಳುತ್ತಿದ್ದೇನೆ. ಮಾರುವುದು ಅಗ್ಗ ಆದರೆ ಕೊಳ್ಳುವುದೂ ಅಗ್ಗ. ಹಾಗಾಗಿ ಮಂಗಳವಾರ ಮಾರಿದೆ. ಒಂಬತ್ತು ಕಂಪನಿ. ದುಡ್ಡು ಖಾತೆಗೆ ಬಂದ ಕೂಡಲೇ ಫಂಡ್‌ಗೆ ಹೋಗುತ್ತದೆ. ಎಲ್ಲವೂ 12 ತಿಂಗಳು ದಾಟಿದ್ದವು, ತೆರಿಗೆ ಇಲ್ಲ. ಲೆಕ್ಕಪತ್ರ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ: ಎರಡು ವರ್ಷ ಐಟಿಆರ್-1 ಹಾಕಿದ್ದೆ. ಆ ನಷ್ಟ ಹೋಯಿತು. ಈ ಜುಲೈಗೆ ಸರಿಯಾಗಿ ಹಾಕುತ್ತೇನೆ.

ಯಾದಗಿರಿ ಸರ್, ನಿಮ್ಮ ಅಜ್ಜಿ ಮಾತ್ರೆಯ ವಿಷಯ ಓದಿ ಗಂಟಲು ಕಟ್ಟಿತು. ಆ್ಯಪ್ ಅನ್ನು ಮೊಬೈಲ್‌ನಿಂದ ತೆಗೆದೆ, ಮನೆಯ ಕಂಪ್ಯೂಟರ್‌ನಲ್ಲಿ ಮಾತ್ರ ಇದೆ. ಊಟದ ಬಿಡುವಿನಲ್ಲಿ ಆ ಕಿಟಕಿ ಹತ್ತಿರ ನಿಲ್ಲುವುದಿಲ್ಲ.

ಸಿಮೆಂಟ್ ಇಟ್ಟುಕೊಂಡೆ. ಅರ್ಧ ಪುಟ ಬರೆಯಲು ಬಂದ ಎರಡರಲ್ಲಿ ಅದು ಒಂದು, ಅದೂ ವಾರ್ಷಿಕ ವರದಿಯ ಆ ಖರ್ಚಿನ ಪುಟ ಓದಿದ್ದರಿಂದ. ಇನ್ನೊಂದು ಒಂದು ಖಾಸಗಿ ಬ್ಯಾಂಕ್.

ನೌಬಾದ್‌ನವನು, ಬೀದರ್
ಏಪ್ರಿಲ್ 9

ಒಳ್ಳೆಯದಾಯಿತು. ಸಿಮೆಂಟ್ ಕಂಪನಿಯ ಉದ್ರಿ ನೋಡಿದಿರಾ? ಮತ್ತೆ ಟನ್‌ಗೆ ಎಷ್ಟು ಉಳಿಯುತ್ತದೆ ಅಂತ ಐದು ವರ್ಷದ್ದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಬೆಲೆಗಿಂತ ಅದು ಮುಖ್ಯ. ದಕ್ಷಿಣದಲ್ಲಿ ಕಾರ್ಖಾನೆಗಳ ಸಾಮರ್ಥ್ಯ ಬೇಡಿಕೆಗಿಂತ ಜಾಸ್ತಿ ಇದೆ, ಅದಕ್ಕೇ ಬೆಲೆ ಏರಿಸಲು ಕಷ್ಟ. ಬ್ಯಾಂಕ್ ಶೇರಿಗೆ ನಾನು ಹೇಳಿದ ನಗದು ಹರಿವಿನ ಲೆಕ್ಕ ನಡೆಯುವುದಿಲ್ಲ, ಅಲ್ಲಿ ವಸೂಲಾಗದ ಸಾಲ ಎಷ್ಟು, ಅದಕ್ಕೆ ಎಷ್ಟು ತೆಗೆದಿಟ್ಟಿದ್ದಾರೆ ಅಂತ ನೋಡಬೇಕು. ಬೇಕಾದರೆ ಅದನ್ನು ಬೇರೆ ಬರೆಯುತ್ತೇನೆ. ಹೊಲ ಏನಾಯಿತು?

ಎರೆಹೊಲ, ಕಲಬುರಗಿ
ಏಪ್ರಿಲ್ 9

ಬ್ಯಾಂಕಿನದ್ದು ಖಂಡಿತ ಬರೆಯಿರಿ ಸರ್, ಕಾಯುತ್ತೇನೆ. ಸಿಮೆಂಟ್‌ನ ಉದ್ರಿ ಮಾರಾಟದ ಜೊತೆಗೇ ಏರಿದೆ, ಜಾಸ್ತಿ ಇಲ್ಲ. ಟನ್ ಲೆಕ್ಕ ಮೂರು ವರ್ಷದ್ದು ಬರೆದೆ, ಇನ್ನೆರಡು ವರ್ಷದ ವರದಿ ಹುಡುಕಬೇಕು.

ಹೊಲ ಸದ್ಯಕ್ಕೆ ಮಾರುವುದಿಲ್ಲ. ಲೆಕ್ಕದಲ್ಲಿ ಸೇರಿಸುತ್ತೇನೆ, ಆದರೆ ಬೆಲೆ ಹಾಕದೆ, ಲಾವಣಿ ಮಾತ್ರ ಬರೆದು. ತಮ್ಮ ಪೂರ್ತಿ ಒಪ್ಪಿಲ್ಲ. ಸೈಟಿನ ಕಾಗದ ತರಿಸು, ಲೆಕ್ಕಪತ್ರ ಅವರಿಗೆ ತೋರಿಸೋಣ ಅಂದಿದ್ದೇನೆ. ಹೊಲ ಮಾಡುವವನಿಗೆ ಫೋನ್ ಮಾಡಿ ಹಿಂದಿನ ಐದು ವರ್ಷದ ಇಳುವರಿ ಕೇಳಿದೆ. ಅವನ ಹತ್ತಿರ ಅಡತ್ ಚೀಟಿಗಳೆಲ್ಲ ಇವೆಯಂತೆ, ಬಾಗಿಲ ಹಿಂದೆ ಒಂದು ತಂತಿಗೆ ಪೋಣಿಸಿ ಇಟ್ಟಿದ್ದಾನೆ. ಭಾನುವಾರ ಇಬ್ಬರೂ ಹೋಗಿ ಬರೆದುಕೊಂಡು ಬರುತ್ತೇವೆ. ನೆಟೆ ರೋಗ ತಡೆಯುವ ತಳಿ ಈ ಸಲ ಹಾಕುವುದಾದರೆ ಬೀಜದ ಖರ್ಚಿನಲ್ಲಿ ಅರ್ಧ ನಾವು ಕೊಡುತ್ತೇವೆ ಅಂತ ಹೇಳುವ ಯೋಚನೆ ಇದೆ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್, ಜಿಆರ್‌ಜಿ-811 ಎರಡೂ ಯಾರಾದರೂ ಹಾಕಿ ನೋಡಿದ್ದೀರಾ?